ಅಂಗಡಿಗೆ ಕಳುಹಿಸಿದ ಮಗು



ಕಳೆದ ತಿಂಗಳು ನಮ್ಮ ವಾರದ ಕಾರ್ಯಕ್ರಮದಲ್ಲಿ ಒಂದು ಹಗುರವಾದ ಪ್ರಶ್ನೆ ಕೇಳಿದ್ದೆ. "ನೀವು ಚಿಕ್ಕವರಿದ್ದಾಗ ಅಂಗಡಿಗೆ ಹೋಗಿ ಏನೇನು ತರುತ್ತಿದ್ದಿರಿ?" ಮೊದಲ ಮೂರು ಕರೆಗಳಲ್ಲಿ ಬೆಲ್ಲ, ಸೀಮೆಎಣ್ಣೆ, ಚಹಾಪುಡಿ ಬಂದವು. ನಾಲ್ಕನೆಯ ಕರೆ ಡೊಂಬಿವಲಿಯ ಹಿರಿಯರೊಬ್ಬರದು. "ಅಪ್ಪನಿಗೆ ಬೀಡಿ" ಎಂದು ನಕ್ಕರು. ಆಮೇಲೆ ಬಂದ ಕರೆಗಳೆಲ್ಲ ಅದೇ ದಾರಿ ಹಿಡಿದವು. ಒಬ್ಬರು ಮಾವನಿಗೆ ಸಿಗರೇಟು ತಂದವರು, ಒಬ್ಬರು ಅಜ್ಜಿಗೆ ಹೊಗೆಸೊಪ್ಪು ತಂದವರು, ಇನ್ನೊಬ್ಬರು ಚೀಲದಲ್ಲಿ ಬಾಟಲಿ ಮುಚ್ಚಿಕೊಂಡು ಬಂದವರು. ಎಲ್ಲರೂ ನಗುತ್ತಲೇ ಹೇಳಿದರು, ನಾನೂ ನಕ್ಕೆ. ಸ್ಟುಡಿಯೋದ ಕೆಂಪು ದೀಪ ಆರಿದ ಮೇಲೆ ಯಾಕೋ ನಗು ಮುಂದುವರಿಯಲಿಲ್ಲ.

ನಮ್ಮದು ದಕ್ಷಿಣ ಕನ್ನಡದ ಒಂದು ಹಳ್ಳಿ. ಅಮ್ಮ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಮ್ಮ ಶಾಲೆಯ ಫೀಸು, ಚೀಲ, ಕೊಡೆ ಎಲ್ಲವೂ ಆ ಗೆರಸೆಯಿಂದಲೇ ಬಂದದ್ದು. ಕಟ್ಟಿದ ಬೀಡಿ ಬ್ರಾಂಚಿನ ಲೆಕ್ಕದ್ದಾದ್ದರಿಂದ ಅದರಲ್ಲಿ ಒಂದನ್ನೂ ಮುಟ್ಟುವಂತಿರಲಿಲ್ಲ. ಅಜ್ಜನ ಬೀಡಿಯನ್ನು ಗೂಡಂಗಡಿಯಿಂದಲೇ ತರಬೇಕು. ಹೋಗುವವರು ನಾನು ಮತ್ತು ದೊಡ್ಡಪ್ಪನ ಮಗ ಅಣ್ಣ. ಚಿಲ್ಲರೆ ಇಲ್ಲದಿದ್ದರೆ ಅಂಗಡಿಯವರು ಪೆಪ್ಪರ್‌ಮಿಂಟು ಕೊಡುತ್ತಿದ್ದರು, ಹಾಗಾಗಿ ನಮಗೂ ಆ ಕೆಲಸ ಬಲು ಇಷ್ಟ. ತಂದ ಬೀಡಿಯನ್ನು ಒಲೆಯ ಕೆಂಡಕ್ಕೆ ಹಿಡಿದು, ಒಂದು ದಮ್ಮು ಎಳೆದು, ಹೊತ್ತಿಸಿ ಅಜ್ಜನ ಕೈಗೆ ಕೊಡುವುದು ಅಣ್ಣನ ಕೆಲಸ. ಆಗ ಅವನಿಗೆ ಒಂಬತ್ತೋ ಹತ್ತೋ ವರ್ಷ. ಈಗ ಅವನು ಇದೇ ಮುಂಬಯಿಯ ಉಪನಗರವೊಂದರಲ್ಲಿ ಕ್ಯಾಂಟೀನು ನಡೆಸುತ್ತಾನೆ. ದಿನಕ್ಕೆ ಎರಡು ಪ್ಯಾಕು ಸೇದುತ್ತಾನೆ. ಮೂರು ಸಲ ಬಿಟ್ಟಿದ್ದಾನೆ, ಮೂರು ಸಲ ಹಿಡಿದಿದ್ದಾನೆ. "ನೀನು ಯಾವಾಗ ಶುರು ಮಾಡಿದೆ ಅಣ್ಣಾ?" ಎಂದು ಕೇಳಿದರೆ ಕಾಲೇಜಿನ ಹೆಸರು ಹೇಳುತ್ತಾನೆ. ಒಲೆಯ ಮುಂದಿನ ಆ ದಮ್ಮುಗಳನ್ನು ಅವನು ಲೆಕ್ಕಕ್ಕೆ ಹಿಡಿದಿಲ್ಲ.

ಹಾಗಾಗಿ ಈ ಸಲದ ಪುಟದಲ್ಲಿ, ಅಂಗಡಿಗೆ ಕಳುಹಿಸಿದ ಆ ಮಗುವಿನ ಚರಿತ್ರೆಯನ್ನೇ ಬರೆಯೋಣ ಎನಿಸಿತು. ಮಕ್ಕಳಿಗೆ ಮದ್ಯ, ತಂಬಾಕು ಮಾರಬಾರದು ಎಂಬ ಕಾನೂನು ಇಂದು ಎಲ್ಲರಿಗೂ ಗೊತ್ತು. ಆದರೆ ಆ ಕಾನೂನಿನ ಚರಿತ್ರೆಯಲ್ಲಿ ದೊಡ್ಡ ಜಗಳ ನಡೆದದ್ದು ಕುಡಿಯುವ, ಸೇದುವ ಮಗುವಿನ ಬಗ್ಗೆ ಅಲ್ಲ. ದೊಡ್ಡವರಿಗಾಗಿ ತರಲು ಹೋಗುವ ಮಗುವಿನ ಬಗ್ಗೆ. ಈ ಕಥೆ ಇಂಗ್ಲೆಂಡಿನಿಂದ ಶುರುವಾಗುತ್ತದೆ. ನಮ್ಮ ದೇಶದ ಮೊದಲ ಕಾನೂನುಗಳು ಬಂದದ್ದೂ ಅಲ್ಲಿನವರು ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ, ಅಲ್ಲಿನ ಅಚ್ಚಿನಲ್ಲಿಯೇ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾರ್ಖಾನೆಗಳು ಎದ್ದು, ಅವುಗಳ ಸುತ್ತ ಕೂಲಿಕಾರರ ಇಕ್ಕಟ್ಟಾದ ಗಲ್ಲಿಗಳು ಹುಟ್ಟಿಕೊಂಡವು. ಗಲ್ಲಿಯ ಮೂಲೆಗೊಂದು ಮದ್ಯದಂಗಡಿ. 1847ರಲ್ಲಿ ಲೀಡ್ಸ್ ನಗರದಲ್ಲಿ ಮಕ್ಕಳಿಗಾಗಿಯೇ ಒಂದು ಸಂಘ ಕಟ್ಟಲಾಯಿತು. ಅದರ ಹೆಸರು ಬ್ಯಾಂಡ್ ಆಫ್ ಹೋಪ್. ಕಟ್ಟಿದವರಲ್ಲಿ ಒಬ್ಬರು ಪಾದ್ರಿ ಜೇಬೆಜ್ ಟನಿಕ್ಲಿಫ್. ಇನ್ನೊಬ್ಬರು ಐರ್ಲೆಂಡಿನಿಂದ ಬಂದ ಆನ್ ಜೇನ್ ಕಾರ್ಲೈಲ್ ಎಂಬ ವಿಧವೆ. ಆಗಲೇ ಆಕೆಗೆ ಎಪ್ಪತ್ತು ದಾಟಿತ್ತು. ಮಕ್ಕಳು ಸೇರಿ ಹಾಡುವುದು, ಕಥೆ ಕೇಳುವುದು, ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡುವುದು ಅಲ್ಲಿನ ಕ್ರಮ. ಆ ಮಾದರಿ ದೇಶವೆಲ್ಲ ಹಬ್ಬಿತು. ಆದರೆ ಪ್ರತಿಜ್ಞೆ ಮಾಡಿದ ಮಗು ಮನೆಗೆ ಬಂದ ಕೂಡಲೇ ಅಪ್ಪ ಕೈಗೆ ಜಗ್ಗು ಕೊಟ್ಟು "ಬಿಯರ್ ತಗೊಂಡು ಬಾ" ಎಂದರೆ ಏನು ಮಾಡಬೇಕು?

ಕಾನೂನಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. 1872ರ ಕಾನೂನು ಹದಿನಾರು ತುಂಬದವರಿಗೆ ಅಂಗಡಿಯಲ್ಲೇ ಕುಡಿಯಲು ಕಟು ಮದ್ಯ ಕೊಡಬಾರದೆಂದಿತ್ತು. 1886ರ ಕಾನೂನು ಹದಿಮೂರು ತುಂಬದವರಿಗೆ ಅಲ್ಲಿಯೇ ಕುಡಿಯಲು ಯಾವ ಮದ್ಯವನ್ನೂ ಕೊಡಬಾರದೆಂದಿತು. ಎರಡೂ ಕುಡಿಯುವ ಮಗುವನ್ನು ತಡೆದವು. ಜಗ್ಗು ಹಿಡಿದು ಬರುವ ಮಗುವಿಗೆ ಬಾಗಿಲು ತೆರೆದೇ ಇತ್ತು. ದಾರಿಯಲ್ಲಿ ಆ ಮಗು ಒಂದು ಗುಟುಕು ಹೀರುತ್ತದೆ, ಮದ್ಯದಂಗಡಿ ಅದಕ್ಕೆ ಸಲುಗೆಯ ಜಾಗವಾಗುತ್ತದೆ, ಗಿರಾಕಿ ತಪ್ಪಬಾರದೆಂದು ಅಂಗಡಿಯವರು ಮಕ್ಕಳಿಗೆ ಮಿಠಾಯಿ ಕೊಡುತ್ತಾರೆ ಎಂದು ಪಾನವಿರೋಧಿ ಸಂಘಗಳು ದೂರಿದವು. ಈ ಮಿಠಾಯಿಯ ಮಾತು ಓದಿದಾಗ ನನಗೆ ನಮ್ಮೂರಿನ ಪೆಪ್ಪರ್‌ಮಿಂಟು ನೆನಪಾಯಿತು.

ಎದುರು ವಾದವೂ ಇತ್ತು, ಅದನ್ನೂ ಹೇಳಬೇಕು. ಶ್ರೀಮಂತನ ಮನೆಯ ನೆಲಮಾಳಿಗೆಯಲ್ಲೇ ಮದ್ಯ ಇರುತ್ತದೆ. ಬಡವನಿಗೆ ರಾತ್ರಿ ಊಟದ ಜೊತೆ ಒಂದು ಲೋಟ ಬಿಯರು ಬೇಕಾದರೆ ಯಾರಾದರೂ ಹೋಗಿ ತರಲೇಬೇಕು. ಕೈಗೂಸು ಬಿಟ್ಟು ತಾಯಿ ಹೋಗಲೇ? ಹನ್ನೆರಡು ತಾಸು ದುಡಿದು ಬಂದ ತಂದೆ ಹೋಗಲೇ? ಬಡವರ ಮನೆಯೊಳಗೆ ಸರ್ಕಾರ ಯಾಕೆ ಕೈ ಹಾಕಬೇಕು? ಈ ಪ್ರಶ್ನೆಗಳಲ್ಲಿ ಹುರುಳಿಲ್ಲ ಎನ್ನುವಂತಿಲ್ಲ.

ಕೊನೆಗೆ 1901ರಲ್ಲಿ ಬಂದ ಕಾನೂನು ಒಂದು ರಾಜಿ. ಹದಿನಾಲ್ಕು ತುಂಬದ ಮಗುವಿನ ಕೈಗೆ ಮದ್ಯ ಕೊಡಬಾರದು, ಆದರೆ ಬಿರಡೆ ಹಾಕಿ ಮೊಹರು ಮಾಡಿದ ಬಾಟಲಿಯಲ್ಲಾದರೆ ಕೊಡಬಹುದು. ಅಂದರೆ ಮಗು ದಾರಿಯಲ್ಲಿ ಕುಡಿಯದಿದ್ದರೆ ಸಾಕು, ತಂದುಕೊಟ್ಟರೆ ತೊಂದರೆಯಿಲ್ಲ!

ಅಷ್ಟರಲ್ಲಿ ಇನ್ನೊಂದು ಸರಕು ಪೇಟೆಗೆ ಇಳಿದಿತ್ತು. 1880ರ ದಶಕದಲ್ಲಿ ಸಿಗರೇಟು ಸುತ್ತುವ ಯಂತ್ರ ಬಂದು ಸಿಗರೇಟು ಅಗ್ಗವಾಯಿತು. 1888ರಲ್ಲಿ ಬಂದ ವುಡ್‌ಬೈನ್ ಸಿಗರೇಟು ಒಂದು ಪೆನ್ನಿಗೆ ಐದು ಸಿಗುತ್ತಿತ್ತು. ಒಂದು ಪೆನ್ನಿ ಎಂದರೆ ಪತ್ರಿಕೆ ಹಂಚುವ ಹುಡುಗನ ಜೇಬಿನಲ್ಲೂ ಇರುವ ದುಡ್ಡು. ಹೀಗೆ ಬೀದಿಯ ಹುಡುಗರ ತುಟಿಗೆ ಸಿಗರೇಟು ಬಂತು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸೈನಿಕರನ್ನು ಆರಿಸುವಾಗ ಬಡ ಯುವಕರು ಎಷ್ಟು ಸೊರಗಿದ್ದಾರೆಂಬುದು ಬಯಲಾಗಿ ಸರ್ಕಾರ ಬೆಚ್ಚಿಬಿತ್ತು. ಅದನ್ನು ಪರಿಶೀಲಿಸಿದ ಸಮಿತಿ 1904ರ ವರದಿಯಲ್ಲಿ, ಎಳೆಯರಿಗೆ ತಂಬಾಕು ಮಾರುವುದನ್ನು ತಡೆಯಲು ಕಾನೂನು ಬೇಕೆಂದಿತು.

1908ರ ಮಕ್ಕಳ ಕಾಯಿದೆ ಬಂದದ್ದು ಹೀಗೆ. ಹದಿನಾರು ತುಂಬದವರಿಗೆ ಸಿಗರೇಟು ಮಾರುವುದು ಅಪರಾಧವಾಯಿತು. ಬೀದಿಯಲ್ಲಿ ಸೇದುವ ಹುಡುಗನ ಕೈಯಿಂದ ಪೊಲೀಸರು, ಉದ್ಯಾನದ ಸಮವಸ್ತ್ರದ ಕಾವಲುಗಾರರು ಸಿಗರೇಟು ಕಿತ್ತುಕೊಳ್ಳಬಹುದಿತ್ತು. ಅದರ ಒಂದು ಮಾತು ಮಾತ್ರ ಬಹಳ ಮುಖ್ಯ. ಸಿಗರೇಟು ಆ ಮಗುವಿನ ಸ್ವಂತಕ್ಕಾಗಿರಲಿ, ಆಗದಿರಲಿ, ಮಾರಿದರೆ ತಪ್ಪು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. "ಅಪ್ಪನಿಗೆ" ಎಂಬ ಮಾತು ಅಂಗಡಿಕಟ್ಟೆಯಲ್ಲಿ ಮೊದಲ ಸಲ ಬೆಲೆ ಕಳೆದುಕೊಂಡಿತು. ಆದರೂ ಸಂದಿ ಉಳಿದೇ ಇತ್ತು. ಚುಟ್ಟಾ, ಪೈಪಿನ ತಂಬಾಕು ಮಗುವಿನ ಸ್ವಂತಕ್ಕೆಂದು ಮಾರುವವನಿಗೆ ಗೊತ್ತಿರದಿದ್ದರೆ ತಪ್ಪಿಲ್ಲ. ಸಮವಸ್ತ್ರ ತೊಟ್ಟ ಓಲೆಕಾರ ಕಂಪನಿಯ ಹುಡುಗನಿಗೆ ಮಾರಿದರೂ ತಪ್ಪಿಲ್ಲ. ತರಲು ಹೋಗುವ ಮಗುವನ್ನು ಪೂರ್ತಿ ಬಿಟ್ಟುಕೊಡಲು ದೊಡ್ಡವರಿಗೆ ಮನಸ್ಸು ಬಂದಿರಲಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಹತ್ತು ವರ್ಷಗಳ ನಂತರ ಪಂಜಾಬಿನಲ್ಲಿ 1918ರಲ್ಲಿ, ಬಂಗಾಳದಲ್ಲಿ 1919ರಲ್ಲಿ ಎಳೆಯರ ಧೂಮಪಾನ ತಡೆಯುವ ಕಾಯಿದೆಗಳು ಬಂದವು. ಇಲ್ಲಿಯೂ ಹದಿನಾರು ವರ್ಷದ ಅದೇ ಗೆರೆ. ಆದರೆ ಇಂಗ್ಲೆಂಡಿನಲ್ಲಿ ಕಾನೂನಿಗೆ ಮೊದಲು ಅರವತ್ತು ವರ್ಷ ಗಲ್ಲಿಗಲ್ಲಿಯಲ್ಲಿ ಜನ ಓಡಾಡಿದ್ದರು. ಇಲ್ಲಿ ಕಾನೂನು ಮೇಲಿನಿಂದ ಇಳಿದು ಬಂತು. ಹುಕ್ಕಾ ತುಂಬಿಸಿ ತರುವುದು, ಬೀಡಿ ಹೊತ್ತಿಸಿ ಕೊಡುವುದು ಹಿರಿಯರ ಸೇವೆ ಎಂದೇ ನಂಬಿದ್ದ ಮನೆಗಳಲ್ಲಿ ಅದರ ಸುದ್ದಿ ಕೇಳಿದವರು ಎಷ್ಟು ಜನರಿದ್ದಾರು?

ನಮ್ಮಲ್ಲಿ ಬೀದಿಗೆ ಇಳಿದ ಚಳವಳಿ ಬೇರೆಯೇ ಬಾಗಿಲಿನಿಂದ ಬಂತು. 1930ರ ಏಪ್ರಿಲ್‌ನಲ್ಲಿ ದಾಂಡಿಯಲ್ಲಿ ಉಪ್ಪು ಹಿಡಿದ ಕೆಲವೇ ದಿನಗಳಲ್ಲಿ ಗಾಂಧೀಜಿ ತಮ್ಮ ಪತ್ರಿಕೆ 'ಯಂಗ್ ಇಂಡಿಯಾ'ದಲ್ಲಿ ದೇಶದ ಹೆಣ್ಣುಮಕ್ಕಳಿಗೆ ಒಂದು ಕರೆ ಕೊಟ್ಟರು. ಹೆಂಡದಂಗಡಿ ಮತ್ತು ವಿದೇಶಿ ಬಟ್ಟೆಯಂಗಡಿಗಳ ಮುಂದೆ ನಿಂತು ಪಿಕೆಟಿಂಗ್ ಮಾಡುವ ಕೆಲಸ ಹೆಂಗಸರದ್ದಾಗಲಿ ಎಂದರು. ಕೈಮುಗಿದು ಬೇಡಿಕೊಳ್ಳುವುದೇ ಅದರ ಅಸ್ತ್ರ. ಮನೆಯ ಹೊಸ್ತಿಲು ದಾಟದಿದ್ದ ಹೆಣ್ಣುಮಕ್ಕಳು ನಮ್ಮ ಮುಂಬಯಿಯಲ್ಲೂ ಅಂಗಡಿಗಳ ಮುಂದೆ ನಿಂತರು. 1939ರ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿಷೇಧ ಬಂತು, ಸ್ವಾತಂತ್ರ್ಯದ ನಂತರ 1949ರಲ್ಲಿ ಮುಂಬಯಿ ಪಾನನಿಷೇಧ ಕಾಯಿದೆ ಬಂತು. ನಿಷೇಧದ ಜೊತೆಗೇ ಕಳ್ಳಭಟ್ಟಿಯೂ ಬೆಳೆಯಿತೆಂಬುದನ್ನು ಹಿರಿಯ ಮುಂಬಯಿಕರರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಒಂದು ಪಾಠ ಉಳಿಯಿತು. ಅಂಗಡಿಯ ಮುಂದೆ ಗುರುತಿನವರು ನಿಂತಿದ್ದರೆ ಗಿರಾಕಿಯ ಕಾಲು ತಡೆಯುತ್ತದೆ. ಇದು ಪೊಲೀಸರಿಗೆ ಆಗದ ಕೆಲಸ, ನೆರೆಹೊರೆಗೆ ಆಗುವ ಕೆಲಸ.

ಇದೇ ಕಾಲದಲ್ಲಿ ಊರಿನಿಂದ ಹಡಗು ಹತ್ತಿ ಬಂದ ನಮ್ಮ ಹುಡುಗರ ಮಾತನ್ನೂ ಇಲ್ಲಿ ಹೇಳಬೇಕು. ಕರಾವಳಿಯಿಂದ ಬಂದು ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆದ ಹತ್ತು ಹನ್ನೆರಡು ವರ್ಷದ ಮಕ್ಕಳು ಅಷ್ಟಿಷ್ಟಲ್ಲ. ಹಿರಿಯ ಕೆಲಸಗಾರರಿಗೆ ಬೀಡಿ, ಸಿಗರೇಟು ತಂದುಕೊಡುವುದೂ ಅವರ ಕೆಲಸವೇ ಆಗಿತ್ತೆಂದು ನಮ್ಮ ಹಿರಿಯ ಕೇಳುಗರು ಹೇಳುತ್ತಾರೆ. ಆ ಹುಡುಗರನ್ನು ಸಂಜೆಯಾದ ಕೂಡಲೇ ಪುಸ್ತಕದ ಮುಂದೆ ಕೂರಿಸಿದ್ದು ಇಲ್ಲಿನ ಕನ್ನಡ ರಾತ್ರಿಶಾಲೆಗಳು. ಅವು ವ್ಯಸನದ ವಿರುದ್ಧ ಕಟ್ಟಿದ ಸಂಸ್ಥೆಗಳಲ್ಲ, ಅಕ್ಷರಕ್ಕಾಗಿ ಕಟ್ಟಿದವು. ಆದರೆ ಸಂಜೆಯ ಆ ಮೂರು ತಾಸು ಹುಡುಗ ಎಲ್ಲಿದ್ದಾನೆಂದು ಕೇಳುವ ಒಬ್ಬ ಮಾಸ್ತರರು ಇದ್ದರು. ಪರವೂರಿನಲ್ಲಿ ಅಪ್ಪ ಅಮ್ಮ ಇಲ್ಲದ ಹುಡುಗನಿಗೆ ಅದು ಸಣ್ಣ ಕಾವಲಲ್ಲ. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕು ತುಂಬದವರನ್ನು ದುಡಿಸಬಾರದೆಂಬ ಆದೇಶ ಜಾರಿಗೆ ಬರಲು 2006ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಇನ್ನೊಂದು ಸ್ವಾರಸ್ಯದ ಘಟನೆ ಅಮೆರಿಕದ್ದು. ಅಲ್ಲಿ ಮಗುವನ್ನು ಅಂಗಡಿಗೆ ಕಳುಹಿಸಿದರು, ಆದರೆ ತರಿಸಲು ಅಲ್ಲ, ಅಂಗಡಿಯನ್ನೇ ಪರೀಕ್ಷೆ ಮಾಡಲು. ಎಳೆಯರಿಗೆ ಸಿಗರೇಟು ಮಾರಬಾರದೆಂಬ ಕಾನೂನು ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಹಿಂದಿನಿಂದಲೂ ಇತ್ತು. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ನೂರು ಅಂಗಡಿಗಳಲ್ಲಿ ಸಿಗರೇಟು ಕೇಳಿದಳು. ಎಪ್ಪತ್ತೈದು ಕಡೆ ಸಿಕ್ಕಿತು. ಇಲಿನಾಯ್ ರಾಜ್ಯದ ವುಡ್‌ರಿಜ್ ಎಂಬ ಸಣ್ಣ ಊರಿನಲ್ಲಿ ನಡೆಸಿದ ಇಂತಹದೇ ಪರೀಕ್ಷೆಯಲ್ಲಿಯೂ ಸುಮಾರು 70 ಶೇಕಡಾ ಅಂಗಡಿಗಳು ಮಕ್ಕಳಿಗೆ ಮಾರಿದವು. 1989ರಲ್ಲಿ ಆ ಊರು ತನ್ನದೇ ನಿಯಮ ಮಾಡಿಕೊಂಡಿತು. ತಂಬಾಕು ಮಾರಲು ಪರವಾನಗಿ ಬೇಕು, ಆಗಾಗ ಪರೀಕ್ಷೆ ನಡೆಯುತ್ತದೆ, ಮಕ್ಕಳಿಗೆ ಮಾರಿದರೆ ದಂಡ ಬೀಳುತ್ತದೆ, ಪರವಾನಗಿಗೂ ಕುತ್ತು. ಒಂದೂವರೆ ವರ್ಷದಲ್ಲಿ ಮಕ್ಕಳಿಗೆ ಮಾರುವ ಅಂಗಡಿಗಳ ಪ್ರಮಾಣ 5 ಶೇಕಡಾಕ್ಕಿಂತ ಕೆಳಗಿಳಿಯಿತು. ಶಾಲಾ ಮಕ್ಕಳಲ್ಲಿ ಸೇದುವವರ ಸಂಖ್ಯೆಯೂ ಇಳಿಯಿತು. ಅಂಗಡಿಗಳು ಅವೇ, ಅಂಗಡಿಯವರೂ ಅವರೇ. ಊರು ತಮ್ಮನ್ನು ನೋಡುತ್ತಿದೆ ಎಂಬುದು ಮಾತ್ರ ಹೊಸದು.

ನಮ್ಮ ದೇಶದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ತಂಬಾಕು ಕಾಯಿದೆ ಬಂದದ್ದು 2003ರಲ್ಲಿ. ಹದಿನೆಂಟು ತುಂಬದವರಿಗೆ ತಂಬಾಕು ಮಾರುವುದಕ್ಕೆ 2004ರಿಂದ ನಿಷೇಧ. ಶಾಲಾ ಕಾಲೇಜುಗಳ ಸುತ್ತ ನೂರು ಗಜದೊಳಗೆ, ಅಂದರೆ ಸುಮಾರು 91 ಮೀಟರಿನೊಳಗೆ, ಯಾರಿಗೂ ಮಾರುವಂತಿಲ್ಲ. ಆ ನೂರು ಗಜವನ್ನು ಗೇಟಿನಿಂದ ಅಲ್ಲ, ಶಾಲೆಯ ಕಾಂಪೌಂಡಿನ ಹೊರಅಂಚಿನಿಂದ ಎಲ್ಲ ದಿಕ್ಕಿಗೂ ಅಳೆಯಬೇಕು. ಎಳೆಯರಿಗೆ ಮಾರುವುದು ಅಪರಾಧವೆಂಬ ಫಲಕ ಪ್ರತಿ ಅಂಗಡಿಯಲ್ಲೂ ಇರಬೇಕು. 2011ರಲ್ಲಿ ಸೇರಿಸಿದ ನಿಯಮದಂತೆ ಹದಿನೆಂಟು ತುಂಬದವರು ಅಂಗಡಿಯಲ್ಲಿ ಕೂತು ತಂಬಾಕು ಮಾರುವಂತೆಯೂ ಇಲ್ಲ. ಆದರೆ ಮಕ್ಕಳಿಗೆ ಮಾರಿದ್ದಕ್ಕೆ 2003ರ ಕಾಯಿದೆ ಇಟ್ಟ ದಂಡ ಹೆಚ್ಚೆಂದರೆ 200 ರೂಪಾಯಿ. ಒಂದು ದಿನದ ವ್ಯಾಪಾರದ ಮುಂದೆ ಅದೆಷ್ಟು?

ಹಾಗಾಗಿ ಕಾನೂನಿನ ಜೊತೆ ಜನರೂ ನಡೆಯಬೇಕಾಯಿತು. ಮುಂಬಯಿಯಲ್ಲಿ 2002ರಲ್ಲಿ ಆರಂಭವಾದ ಸಲಾಂ ಬಾಂಬೆ ಫೌಂಡೇಶನ್ ಪಾಲಿಕೆ ಶಾಲೆಗಳ ಮಕ್ಕಳ ನಡುವೆ ತಂಬಾಕಿನ ವಿರುದ್ಧ ಕೆಲಸ ಮಾಡುತ್ತಾ ಬಂದಿದೆ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೆಂಗಸರು ಸಹಿ ಸಂಗ್ರಹಿಸಿ ಮದ್ಯದಂಗಡಿ ಮುಚ್ಚಲು ಮತದಾನ ಕೇಳುತ್ತಾರೆ. ಮತಪತ್ರದಲ್ಲಿ ಎರಡು ಚಿತ್ರ: ನಿಂತ ಬಾಟಲಿ, ಮಲಗಿದ ಬಾಟಲಿ. ಮಲಗಿದ ಬಾಟಲಿಗೆ ನಿಗದಿತ ಬಹುಮತ ಬಂದರೆ ಅಂಗಡಿ ಮುಚ್ಚಬೇಕು. ಓದು ಬಾರದ ಅಜ್ಜಿಗೂ ಅರ್ಥವಾಗುವ ಚುನಾವಣೆ ಅದು. ಇಂಗ್ಲೆಂಡಿನ ಪೆನ್ನಿಗೆ ಐದು ಸಿಗರೇಟು ನೆನಪಿದೆಯಲ್ಲ? ನಮ್ಮಲ್ಲಿ ಬಿಡಿ ಸಿಗರೇಟಿನ ರೂಪದಲ್ಲಿ ಅದು ಬಾಳಿತು. ಮಹಾರಾಷ್ಟ್ರ ಬಿಡಿ ಸಿಗರೇಟು, ಬಿಡಿ ಬೀಡಿಗಳ ಮಾರಾಟವನ್ನು 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. ಕರ್ನಾಟಕವು 2024ರಲ್ಲಿ ಒಪ್ಪಿದ, 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿಯಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು.

ಇನ್ನು ನಮ್ಮ ಕಥೆಯ ಮಗುವಿನ ಮಾತು. 2016ರ ಜನವರಿಯಲ್ಲಿ ಜಾರಿಗೆ ಬಂದ 2015ರ ಬಾಲನ್ಯಾಯ ಕಾಯಿದೆಯಲ್ಲಿ ಅಕ್ಕಪಕ್ಕದ ಎರಡು ಕಲಮುಗಳಿವೆ. 77ನೆಯದು ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಡುವವರ ಬಗ್ಗೆ. 78ನೆಯದು ಮದ್ಯ, ಮಾದಕ ವಸ್ತುಗಳನ್ನು ಮಾರಲು, ಹೊರಲು, ತಲುಪಿಸಲು ಮಗುವನ್ನು ಬಳಸುವವರ ಬಗ್ಗೆ. ಎರಡಕ್ಕೂ ಏಳು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. 'ಹೊರಲು' ಎಂಬ ಆ ಮಾತನ್ನು ಓದಿದಾಗ 1901ರ ಜಗ್ಗು ಹಿಡಿದ ಮಗುವೇ ಕಣ್ಣ ಮುಂದೆ ಬಂತು. ಮೊಹರಿನ ಬಾಟಲಿಯಾದರೆ ಪರವಾಗಿಲ್ಲ ಎಂದು ಅಂದು ಒಪ್ಪಿಕೊಂಡ ರಾಜಿಗೆ ಇಲ್ಲಿ ಜಾಗವಿಲ್ಲ.

ಆದರೂ 2019ರ ರಾಷ್ಟ್ರೀಯ ಸಮೀಕ್ಷೆ ಏನು ಹೇಳುತ್ತದೆ ಗೊತ್ತೇ? ಹದಿಮೂರರಿಂದ ಹದಿನೈದು ವರ್ಷದ ಶಾಲಾ ಮಕ್ಕಳಲ್ಲಿ 8.5 ಶೇಕಡಾ ಮಂದಿ ತಂಬಾಕು ಬಳಸುತ್ತಿದ್ದರು. ಬೀಡಿ ಸೇದಿದ ಮಕ್ಕಳಲ್ಲಿ 47 ಶೇಕಡಾ ಮಂದಿ ಹತ್ತು ತುಂಬುವ ಮೊದಲೇ ಶುರು ಮಾಡಿದ್ದರು. ಹತ್ತು ತುಂಬದ ಮಗು ತನ್ನ ದುಡ್ಡಿನಿಂದ ಬೀಡಿ ಕೊಳ್ಳುವುದು ಅಪರೂಪ. ಮೊದಲ ಬೀಡಿ ಅದರ ಕೈಗೆ ಬಂದದ್ದು ಎಲ್ಲಿಂದ? ನನಗೆ ನಮ್ಮ ಒಲೆ ನೆನಪಾಗುತ್ತದೆ.

ಒಂದು ಮಾತು ನಿಮ್ಮಲ್ಲಿ ಮುಚ್ಚಿಡಬಾರದು. ಬೀಡಿಯ ದುಡ್ಡಿನಿಂದ ಓದಿದವರು ನಾವು. ಬಾರು, ಪಾನ್ ಅಂಗಡಿ, ಹೋಟೆಲು ನಡೆಸಿ ಸಂಸಾರ ಸಾಕಿದವರೂ ನಮ್ಮವರೇ. ಕಟ್ಟೆಯ ಆಚೆ ನಿಂತು ಅಂಗಡಿಯವರನ್ನು ಬೈಯುವುದು ಸುಲಭ. ಆದರೆ ಗುರುತಿನ ಮನೆಯ ಮಗು ಬಂದು "ಅಪ್ಪ ಕಳಿಸಿದ್ದಾರೆ" ಎಂದಾಗ ಇಲ್ಲ ಎನ್ನುವುದು ಅಂಗಡಿಯವರಿಗೆ ಎಷ್ಟು ಕಷ್ಟ, ಯೋಚಿಸಿ. ಇವತ್ತು ಮಗುವನ್ನು ವಾಪಸು ಕಳುಹಿಸಿದರೆ ನಾಳೆ ಅಪ್ಪ ಬೇರೆ ಅಂಗಡಿಗೆ ಹೋಗುತ್ತಾನೆ. ಗಲ್ಲಿಯ ಅಂಗಡಿಗಳೆಲ್ಲ ಒಂದೇ ಮಾತು ಆಡಿದರೆ ಮಾತ್ರ ಒಬ್ಬ ಅಂಗಡಿಯವನ 'ಇಲ್ಲ'ಕ್ಕೆ ಬಲ. ಅದಕ್ಕಿಂತ ಮೊದಲು, ಮನೆಯಿಂದ ಮಗುವನ್ನು ಕಳುಹಿಸುವ ಕೈ ಹಿಂದೆ ಸರಿಯಬೇಕು. ನೂರಿಪ್ಪತ್ತು ವರ್ಷಗಳ ಈ ಚರಿತ್ರೆಯಲ್ಲಿ ಕಾನೂನು ಪ್ರತಿ ಸಲ ತಡವರಿಸಿದ್ದು ಆ ಕೈಯ ಮುಂದೆಯೇ.

ಮೊನ್ನೆ ಭಾನುವಾರ ಅಣ್ಣನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಅವನು ಜೇಬು ತಡಕಿ, ಪ್ಯಾಕು ಖಾಲಿಯಾದದ್ದು ನೋಡಿ, ಎಂಟು ವರ್ಷದ ಮಗನ ಕಡೆ ತಿರುಗಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನೂ ನನ್ನನ್ನು ನೋಡಿದ. ಏನೂ ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ತಾನೇ ಕೆಳಗಿಳಿದು ಹೋದ. ಮೂರು ಮಹಡಿ, ಲಿಫ್ಟು ಕೆಟ್ಟಿತ್ತು. ಏದುಸಿರು ಬಿಡುತ್ತಾ ಮೇಲೆ ಬಂದ. ಸಿಗರೇಟು ಅವನಿನ್ನೂ ಬಿಟ್ಟಿಲ್ಲ. ಆದರೆ ಆ ದಿನ ಮಗು ಅಂಗಡಿಗೆ ಹೋಗಲಿಲ್ಲ.

ನಿಮ್ಮ ಗಲ್ಲಿಯ ಅಂಗಡಿಯವರು ಎಂದಾದರೂ ನಿಮ್ಮನ್ನು ಬರಿಗೈಯಲ್ಲಿ ವಾಪಸು ಕಳುಹಿಸಿದ್ದುಂಟೇ? ಇದ್ದರೆ ಬರೆದು ತಿಳಿಸಿ, ಕಾರ್ಯಕ್ರಮದಲ್ಲಿ ಓದಿ ಹೇಳುತ್ತೇನೆ. ಅಂಥವರ ನೆನಪೂ ನಮ್ಮ ಚರಿತ್ರೆಯಲ್ಲಿ ಉಳಿಯಲಿ. ಎಂದಿನಂತೆ ಇದೇ ವಾರ, ಅದೇ ಹೊತ್ತಿಗೆ ಗಾಳಿಯಲೆಯಲ್ಲಿ ಭೇಟಿಯಾಗೋಣ. ಅಲ್ಲಿಯವರೆಗೆ, ನಮಸ್ಕಾರ.